ಧ್ವನಿ ಒಡೆದು ಮೂರು ವಾರವಾದರೆ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ದಂಪತಿಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಗಂಡನ ಧ್ವನಿ ಕೆಟ್ಟಿರುವುದು ಎಲ್ಲರಿಗಿಂತ ಮೊದಲು ತಿಳಿಯುವುದು ಹೆಂಡತಿಗೆ. ಹೆಂಡತಿಯ ಧ್ವನಿ ಕುಗ್ಗಿರುವುದು ಗಂಡನಿಗೆ. ತೊಗರಿ ಹೊಲದಿಂದ ಕೂಗಿದ ಕರೆ ಎಂದಿನಂತೆ ಕೇಳಿಸದಿದ್ದರೆ ಅದನ್ನು ಗುರುತಿಸಲು ವೈದ್ಯವಿದ್ಯೆ ಬೇಕಾಗಿಲ್ಲ. ಆದರೆ ಏಕೆ ಹಾಗಾಯಿತೆಂದು ತಿಳಿಯಲು ಗಂಟಲಿನ ಒಳಗೆ ನೋಡಲೇಬೇಕು. ಹೇಗೆ ನೋಡುತ್ತಾರೆ, ಏಕೆ ತಡಮಾಡಬಾರದು ಎಂಬುದನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಜಾತ್ರೆಯಲ್ಲಿ ಕೂಗಾಡಿದಾಗ, ನೆಗಡಿಯಾದಾಗ ಗಂಟಲು ಕಟ್ಟುವುದು ಸಹಜ. ಒಂದೆರಡು ವಾರಗಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಮೂರು ವಾರ ಕಳೆದರೂ ಧ್ವನಿ ತಿಳಿಯಾಗದಿದ್ದರೆ ಕಾರಣ ಬೇರೆಯಿರಬಹುದು. ಧ್ವನಿತಂತುಗಳ ಮೇಲೆ ಸಾಮಾನ್ಯ ಗಂಟು ಬೆಳೆದಿರಬಹುದು, ಕ್ಷಯರೋಗ ತಗಲಿರಬಹುದು, ಕ್ಯಾನ್ಸರ್ ಮೊಳೆತಿರಬಹುದು. ಹೊರಗೆ ಕೇಳುವುದು ಮಾತ್ರ ಒಂದೇ ಬಗೆಯ ಒಡಕು ಧ್ವನಿ. ಕಿವಿಗೆ ಈ ಭೇದ ತಿಳಿಯದು.

ಧ್ವನಿಪೆಟ್ಟಿಗೆಯು ನಾಲಿಗೆಯ ಬುಡಕ್ಕಿಂತ ಕೆಳಗೆ ಮರೆಯಾಗಿರುವುದರಿಂದ, ಬಾಯಿ ತೆರೆಸಿ ಬ್ಯಾಟರಿ ಬೆಳಕು ಬಿಟ್ಟರೂ ಅದು ಕಾಣಿಸದು. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕನು ಪುಟ್ಟ ಕನ್ನಡಿಯನ್ನು ಬಾಯಿಯೊಳಗಿಟ್ಟು, ಸೂರ್ಯನ ಬೆಳಕಿನಲ್ಲಿ ತನ್ನ ಧ್ವನಿತಂತುಗಳನ್ನು ತಾನೇ ಕಂಡನು. ಮುಂದೆ ಗಾಜಿನ ಎಳೆಗಳ ಮೂಲಕ ಬೆಳಕನ್ನೂ ಚಿತ್ರವನ್ನೂ ಸಾಗಿಸುವ ವಿಧಾನ ಬಂದಿತು. ಪಂಜಾಬಿನಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು 1954ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ನೆರವಾಯಿತು. 1968ರಲ್ಲಿ ಜಪಾನಿನ ವೈದ್ಯರು ಬಾಗುವ ನಳಿಕೆಯಿಂದ ಧ್ವನಿಪೆಟ್ಟಿಗೆಯನ್ನು ನೋಡುವ ಉಪಕರಣವನ್ನು ವರದಿ ಮಾಡಿದರು. ನಮ್ಮ ಜನ ‘ದುರ್ಬೀನು ಹಾಕಿ ನೋಡುವುದು’ ಎನ್ನುವುದು ಇಂತಹ ಪರೀಕ್ಷೆಯನ್ನೇ.

ಈ ಪರೀಕ್ಷೆಗೆ ಅಂಜಬೇಕಾಗಿಲ್ಲ. ರೋಗಿಯು ಕುರ್ಚಿಯಲ್ಲಿ ಕುಳಿತಿರುತ್ತಾನೆ. ಮೂಗಿಗೆ ಜೋಮು ಹಿಡಿಸುವ ಔಷಧಿಯನ್ನು ಹಾಕಿ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಮೆತ್ತನೆಯ ನಳಿಕೆಯನ್ನು ಮೂಗಿನ ಮೂಲಕ ನಿಧಾನವಾಗಿ ಇಳಿಸುತ್ತಾರೆ. ‘ಈ’ ಎನ್ನಿರಿ ಎಂದಾಗ ಧ್ವನಿತಂತುಗಳೆರಡೂ ಕೂಡುವುದು ಪರದೆಯ ಮೇಲೆ ಕಾಣುತ್ತದೆ. ಕೊಯ್ಯುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಗಂಟಲಿನ ಜೋಮು ಇಳಿಯುವವರೆಗೆ ಏನನ್ನೂ ತಿನ್ನದೆ, ಕುಡಿಯದೆ ಇರತಕ್ಕದ್ದು.

ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಬಿಳಿಯ ಬೆಳಕಿನ ಬದಲು ನೀಲಿ ಮತ್ತು ಹಸಿರು ಬೆಳಕನ್ನಷ್ಟೇ ಬಿಟ್ಟು ನೋಡುವ ಸೌಲಭ್ಯವೂ ಉಂಟು. ರಕ್ತವು ಈ ಬೆಳಕನ್ನು ಹೀರಿಕೊಳ್ಳುವುದರಿಂದ ರಕ್ತನಾಳಗಳು ಕಪ್ಪಾಗಿ ಎದ್ದು ಕಾಣುತ್ತವೆ. ಕ್ಯಾನ್ಸರ್ ಮೊಳೆಯುವಲ್ಲಿ ಹುಟ್ಟುವ ಅಂಕುಡೊಂಕಾದ ಹೊಸ ನಾಳಗಳು ಕಂದು ಚುಕ್ಕೆಗಳಂತೆ ತೋರಿ, ಬಿಳಿಯ ಬೆಳಕಿನಲ್ಲಿ ತಪ್ಪಿಹೋಗಬಹುದಾದ ಕಲೆಯೂ ಸಿಕ್ಕಿಬೀಳುತ್ತದೆ. ಆದರೂ ಚಿತ್ರ ಕೊಡುವುದು ಸಂಶಯವನ್ನು ಮಾತ್ರ. ನಿರ್ಣಯಕ್ಕೆ ಸಂಶಯದ ಜಾಗದಿಂದ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಚೂರು ತೆಗೆದರೆ ರೋಗ ಹಬ್ಬುವುದೆಂಬ ಮಾತನ್ನು ನಂಬಿ ಕೂಡುವುದರಿಂದ ರೋಗ ಬೆಳೆಯುವುದೇ ಹೊರತು ಬೇರೇನೂ ಆಗದು.

ಧ್ವನಿತಂತುಗಳಲ್ಲಿ ದುಗ್ಧನಾಳಗಳು ಬಹಳ ಕಡಿಮೆ. ಆದುದರಿಂದ ಅಲ್ಲಿ ಹುಟ್ಟಿದ ಕ್ಯಾನ್ಸರ್ ಕೆಲಕಾಲ ಅಲ್ಲಿಯೇ ನಿಲ್ಲುತ್ತದೆ, ಧ್ವನಿಯನ್ನು ಕೆಡಿಸಿ ಸುಳಿವನ್ನೂ ಕೊಡುತ್ತದೆ. ಆ ಹಂತದಲ್ಲಿ ಬಂದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ವಿಕಿರಣದಿಂದ ಅಥವಾ ಲೇಸರ್ ಚಿಕಿತ್ಸೆಯಿಂದ ಗುಣಹೊಂದುತ್ತಾರೆ, ಮಾತೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು. ಧ್ವನಿತಂತುವಿನ ಮೇಲೆ ಅಥವಾ ಹಿಂದೆ ಗಂಟಲಿನಲ್ಲಿ ಹುಟ್ಟಿದ ರೋಗವು ಆರಂಭದಲ್ಲಿ ಧ್ವನಿಯನ್ನು ಕೆಡಿಸದಿರಬಹುದು. ಆದಕಾರಣ ನುಂಗುವಾಗ ನೋವು, ಒಂದೇ ಕಿವಿಯಲ್ಲಿ ನೋವು, ಕುತ್ತಿಗೆಯಲ್ಲಿ ಗಂಟು, ಕಫದಲ್ಲಿ ರಕ್ತ ಕಂಡರೂ ಬರಬೇಕು. ಉಸಿರಾಡುವಾಗ ಸದ್ದಾಗತೊಡಗಿದರೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ಬೀಡಿ, ಸಿಗರೇಟು, ಸುಣ್ಣ ಬೆರೆಸಿದ ತಂಬಾಕು, ಗುಟ್ಕಾ ಇವು ಬಾಯಿ ಗಂಟಲುಗಳ ಶತ್ರುಗಳು. ಧೂಮಪಾನದೊಡನೆ ಮದ್ಯವೂ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಕರ್ನಾಟಕ ಸರಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಮನೆಯೊಳಗಿನ ನಿಷೇಧವನ್ನು ತಾವಿಬ್ಬರೇ ಜಾರಿಗೆ ತರಬೇಕು.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಶಿಫಾರಸು ಪತ್ರ ಪಡೆಯಿರಿ. ಕಲಬುರಗಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖಾ ಕೇಂದ್ರವೂ ಇವೆ. ಆಳಂದ, ಜೇವರ್ಗಿಗಳಿಂದ ಅದು ಸುಮಾರು 40 ಕಿಲೋಮೀಟರ್. ಅಫಜಲಪುರದಿಂದ ಇನ್ನಷ್ಟು ದೂರ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಜೊತೆಗೆ ಒಯ್ಯಿರಿ.

ತಾಯಂದಿರೇ, ಯಜಮಾನರು ‘ರಾಶಿ ಮುಗಿಯಲಿ, ನೋಡೋಣ’ ಎಂದರೆ ಒಪ್ಪಬೇಡಿರಿ. ಮಹನೀಯರೇ, ಮನೆಯಾಕೆ ‘ನನಗೇನಾಗಿದೆ’ ಎಂದರೆ ಸುಮ್ಮನಾಗಬೇಡಿರಿ. ಧ್ವನಿ ಒಡೆದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿ, ಮೂರು ವಾರ ತುಂಬಿದೊಡನೆ ಇಬ್ಬರೂ ಕೂಡಿ ಬಸ್ಸು ಹತ್ತಿರಿ.