ಗೆರೆ ದಾಟಿದಾಗ ಮಾತ್ರ ಕೈಹಾಕಿ



ಕುಂಸಿಯ ಮ್ಯಾಂಗನೀಸ್ ಅದಿರನ್ನು ನೀವು ಬಲ್ಲಿರಿ. ಒಂದೇ ಗಣಿಯದಾದರೂ ಬುಟ್ಟಿಯಿಂದ ಬುಟ್ಟಿಗೆ ಅದರ ಸತ್ವ ಬೇರೆ. ವ್ಯತ್ಯಾಸವಿಲ್ಲದ ಉತ್ಪಾದನೆಯೇ ಇಲ್ಲ. ಹಾಗಾದರೆ ಯಾವ ವ್ಯತ್ಯಾಸಕ್ಕೆ ಗಾಬರಿಯಾಗಬೇಕು?

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಮರುವರ್ಷ ಅಮೆರಿಕದ ವಾಲ್ಟರ್ ಶೂಹಾರ್ಟ್ ಈ ಪ್ರಶ್ನೆಗೆ ಒಂದು ನಕ್ಷೆಯಲ್ಲಿ ಉತ್ತರ ಕೊಟ್ಟರು. ಅದೇ ನಿಯಂತ್ರಣ ನಕ್ಷೆ.

ಎರಕದ ಕೆಲಸವನ್ನೇ ನೋಡಿ. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾದರೆ ಎರಕದೊಳಗೆ ಗಾಳಿಗುಳ್ಳೆ. ಕಡಿಮೆಯಾದರೆ ಅಚ್ಚು ಉದುರುತ್ತದೆ. ಗಂಟೆಗೊಮ್ಮೆ ಐದು ಮಾದರಿ ತೆಗೆದು, ತೇವದ ಸರಾಸರಿಯನ್ನು ಕಾಗದದ ಮೇಲೆ ಚುಕ್ಕೆಯಿಟ್ಟು ಗುರುತಿಸಿ. ಸುಮಾರು 25 ಚುಕ್ಕೆಗಳಾದ ಮೇಲೆ ನಡುಗೆರೆ ಎಳೆಯಿರಿ. ಅದರ ಮೇಲೆ ಮತ್ತು ಕೆಳಗೆ, ಆ ಸರಾಸರಿಗಳ ಮಾನಕ ವಿಚಲನೆಯ ಮೂರು ಪಟ್ಟು ದೂರದಲ್ಲಿ, ಎರಡು ಮಿತಿಗೆರೆಗಳಿರಲಿ. ಇವು ಗಿರಾಕಿ ಹೇಳಿದ ಅಳತೆಗಳಲ್ಲ. ನಿಮ್ಮ ಕೆಲಸವೇ ಹೇಳುವ ಮಿತಿಗಳು.

ಕೆಲಸ ಸರಿಯಾಗಿ ನಡೆಯುತ್ತಿದ್ದರೆ 10,000 ಚುಕ್ಕೆಗಳಲ್ಲಿ ಸುಮಾರು 27 ಮಾತ್ರ ಹೊರಗೆ ಬೀಳುತ್ತವೆ. ಆದ್ದರಿಂದ ಚುಕ್ಕೆ ಗೆರೆ ದಾಟಿದರೆ, ಅಥವಾ ಸತತ ಎಂಟು ಚುಕ್ಕೆಗಳು ನಡುಗೆರೆಯ ಒಂದೇ ಬದಿಗೆ ನಿಂತರೆ, ಕೆಲಸ ತಡೆದು ಕಾರಣ ಹುಡುಕಿ.

ಒಳಗಿರುವ ಪ್ರತಿ ಏರಿಳಿತಕ್ಕೂ ನೀರಿನ ನಲ್ಲಿ ತಿರುಗಿಸಬೇಡಿ; ಅದರಿಂದ ಏರಿಳಿತ ಹೆಚ್ಚುತ್ತದೆ. ಕೆಲಸಗಾರನನ್ನು ಗದರಬೇಡಿ, ಅದು ಅವನ ತಪ್ಪಲ್ಲ. ಆ ಏರಿಳಿತವೇ ಹೆಚ್ಚೆನಿಸಿದರೆ ಬದಲಾಗಬೇಕಾದದ್ದು ಮರಳು, ಯಂತ್ರ, ವಿಧಾನ. ಅದು ಆಡಳಿತದ ಹೊಣೆ.

ಒಂದು ಪೆನ್ಸಿಲ್, ಒಂದು ಗ್ರಾಫ್ ಹಾಳೆ ಸಾಕು. ನಾಳೆಯೇ ಆರಂಭಿಸಿ.