ಹದಿನೆಂಟು ತುಂಬಿದ ಮೇಲೆ: ದೀರ್ಘರೋಗವುಳ್ಳ ತರುಣರೊಡನೆ ಅಧ್ಯಾಪಕರ ಒಡನಾಟ

(ಅಧ್ಯಾಪಕರ ಪುನಶ್ಚೇತನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿಯ ವಿಷಯದಲ್ಲಿ ನಮ್ಮ ಹೊಣೆ ಎಲ್ಲಿಯವರೆಗೆ? ವರ್ಗಾವಣೆ ಪತ್ರಕ್ಕೆ ಸಹಿ ಬಿದ್ದೊಡನೆ ಅದು ಮುಗಿಯಿತೆಂದು ನಿಯಮ ಹೇಳೀತು. ಆದರೆ ದೀರ್ಘಕಾಲದ ಕಾಯಿಲೆಯೊಡನೆ ಬದುಕುವ ತರುಣ ತರುಣಿಯರಿಗೆ ಹಿರಿಯರೊಬ್ಬರ ಅಗತ್ಯ ಹೆಚ್ಚುವುದೇ ಆ ಬಳಿಕ. ಒಂದನೆಯ ಬಗೆಯ ಮಧುಮೇಹವನ್ನು ನಿದರ್ಶನವಾಗಿರಿಸಿಕೊಂಡು ಈ ಮಾತನ್ನು ವಿವರಿಸಬಯಸುತ್ತೇನೆ.

ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಈ ರೋಗ ಬರುತ್ತದೆ. ಸಿಹಿ ತಿಂದುದರ ಫಲ ಇದಲ್ಲ. ತಾಯಿತಂದೆಯರ ಅಲಕ್ಷ್ಯದ ಫಲವೂ ಅಲ್ಲ. 1922ರ ಜನವರಿಯಲ್ಲಿ ಟೊರೊಂಟೊ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಮುನ್ನ ಇಂಥ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಇಂದು ಅವರು ಓದಿ, ದುಡಿದು, ಸಂಸಾರ ಕಟ್ಟಿ, ಮುಪ್ಪಿನವರೆಗೂ ಬಾಳಬಲ್ಲರು. ಆದರೆ ಅದಕ್ಕಾಗಿ ದಿನವೂ ರಕ್ತದ ಸಕ್ಕರೆಯನ್ನು ನೋಡಿಕೊಳ್ಳಬೇಕು, ಊಟಕ್ಕೆ ತಕ್ಕಂತೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಈ ಕೆಲಸಕ್ಕೆ ರಜೆಯೆಂಬುದಿಲ್ಲ.

ಬಾಲ್ಯದಲ್ಲಿ ಈ ಭಾರವನ್ನು ಹೊರುವವಳು ತಾಯಿ. ಕೇರಳದ ‘ಮಿಠಾಯಿ’ಯಂಥ ಯೋಜನೆಯೂ ಮಕ್ಕಳಿಗೂ ಹದಿಹರೆಯದವರಿಗೂ ಉದ್ದೇಶಿಸಿದ್ದು. ಹದಿನೆಂಟು ತುಂಬುವ ಹೊತ್ತಿಗೆ ಇವೆಲ್ಲವೂ ಒಟ್ಟಿಗೆ ಬದಲಾಗುತ್ತವೆ. ಮಕ್ಕಳ ವೈದ್ಯರ ಬದಲು ದೊಡ್ಡವರ ವೈದ್ಯರು, ಮನೆಯ ಬದಲು ವಿದ್ಯಾರ್ಥಿನಿಲಯ. ಗೆಳೆಯರ ಮುಂದೆ ಸೂಜಿ ತೆಗೆಯಲು ಸಂಕೋಚಪಟ್ಟು ಒಂದು ಹೊತ್ತಿನ ಇನ್ಸುಲಿನ್ನನ್ನು ತಪ್ಪಿಸುವ ಹುಡುಗನುಂಟು. ವಧುಪರೀಕ್ಷೆ ಮುಗಿಯುವವರೆಗೆ ಬಾಯಿ ಬಿಡಬೇಡವೆಂದು ಹಿರಿಯರಿಂದ ಹೇಳಿಸಿಕೊಂಡ ಹುಡುಗಿಯುಂಟು. ಇನ್ಸುಲಿನ್ ಪೂರ್ತಿ ನಿಂತರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ಒದಗುವುದರಿಂದ ಈ ಮೌನ ಸಣ್ಣ ಸಂಗತಿಯಲ್ಲ.

ಗಡಿನಾಡಿನ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕುಂಟು. ಕಾಸರಗೋಡಿನ ತರುಣ ಕಲ್ಲಿಕೋಟೆಗೂ, ಅಕ್ಕಲಕೋಟೆಯವನು ಸೊಲ್ಲಾಪುರಕ್ಕೂ, ಜತ್ತಿನವನು ಮೀರಜಿಗೂ ಹೋದಾಗ ವೈದ್ಯರು ಆಡುವುದು ಮಲಯಾಳವನ್ನೋ ಮರಾಠಿಯನ್ನೋ. ಚೀಟಿ ಇರುವುದು ಇಂಗ್ಲಿಷಿನಲ್ಲಿ. ಅವನು ತಲೆ ಸುಳಿದಂತಾಗುವುದನ್ನೂ, ಕೈ ನಡುಗುವುದನ್ನೂ, ಅಂಜಿಕೆಯನ್ನೂ ಅರಿತಿರುವುದು ಕನ್ನಡದಲ್ಲಿ. ಅಲ್ಲಿ ತಲೆಯಾಡಿಸಿ ಹೊರಬರುತ್ತಾನೆ, ಕೇಳಬೇಕಾದುದು ಉಳಿದೇಹೋಗುತ್ತದೆ. ತನ್ನ ರೋಗವನ್ನು ತನ್ನ ಮಾತಿನಲ್ಲಿ ಹೇಳಬಲ್ಲವನು ಮಾತ್ರ ಅದನ್ನು ತಾನೇ ನಿಭಾಯಿಸಬಲ್ಲನು. ಆ ಮಾತನ್ನು ಒದಗಿಸುವುದು ಎರಡು ಭಾಷೆಗಳ ನಡುವೆ ಬಾಳುವ ಕನ್ನಡ ಅಧ್ಯಾಪಕರಿಗೆ ಸಹಜವಾಗಿ ಬರುವ ಸೇವೆ.

ಇದನ್ನು ನಡೆಸುವ ಬಗೆ ಹೇಗೆ? ವೈದ್ಯರನ್ನು ಕಾಣುವ ಹಿಂದಿನ ದಿನ ಅವನೊಡನೆ ಕುಳಿತು, ಕೇಳಬೇಕಾದ ಮೂರು ಪ್ರಶ್ನೆಗಳನ್ನು ಅವನಿಂದಲೇ ಕನ್ನಡದಲ್ಲಿ ಬರೆಯಿಸಿರಿ. ಬಳಿಕ ಅವನ್ನು ಆ ರಾಜ್ಯದ ಭಾಷೆಗೆ ತರಲು ನೆರವಾಗಿರಿ. ಮರಳಿ ಬಂದ ಮೇಲೆ ವೈದ್ಯರು ಹೇಳಿದುದನ್ನು ಅವನ ಬಾಯಿಂದಲೇ ಹೇಳಿಸಿರಿ. ಪಾಠವೊಂದು ಮನಸ್ಸಿಗೆ ಹತ್ತಿತೇ ಎಂದು ನಾವು ಅರಿಯುವ ರೀತಿಯೂ ಇದೇ ಅಲ್ಲವೇ?

ಭೇಟಿಯಾದೊಡನೆ ‘ಸಕ್ಕರೆ ಎಷ್ಟಿದೆ?’ ಎಂದು ಕೇಳದಿರಿ. ಪರೀಕ್ಷೆಯಲ್ಲಿ ಅಂಕ ಕೇಳಿದಂತೆ ಅದು ಅವನನ್ನು ಕುಗ್ಗಿಸುತ್ತದೆ. ಓದು, ಕೆಲಸ, ಗೆಳೆಯರ ವಿಚಾರ ಮೊದಲು ಬರಲಿ. ತಿಂಗಳಿಗೊಮ್ಮೆಯಾದರೂ ಸರಿ, ಗೊತ್ತಾದ ದಿನ ತಪ್ಪದೆ ಮಾತನಾಡಿರಿ. ಹತ್ತು ಬಾರಿ ಭರವಸೆ ಕೊಡುವುದಕ್ಕಿಂತ ಒಮ್ಮೆ ಹೇಳಿದ ಹೊತ್ತಿಗೆ ಬರುವುದು ಮೇಲು. ಕೇಳಿದ ಗುಟ್ಟನ್ನು ಶಿಕ್ಷಕರ ಕೊಠಡಿಗೆ ತರದಿರಿ. ಅವನ ಜೀವಕ್ಕೆ ಅಪಾಯವಿದೆಯೆಂದು ಕಂಡಾಗ ಮಾತ್ರ, ಅವನಿಗೆ ತಿಳಿಸಿಯೇ, ಮನೆಯವರನ್ನೋ ವೈದ್ಯರನ್ನೋ ಕರೆಯಬೇಕು.

ನಮ್ಮ ಮೇರೆಯನ್ನೂ ಅರಿತಿರಬೇಕು. ಇನ್ಸುಲಿನ್ ಪ್ರಮಾಣವನ್ನು ಹೇಳುವುದು ನಮ್ಮ ಕೆಲಸವಲ್ಲ. ‘ಬೇರು ಕೊಡುತ್ತೇವೆ, ಸೂಜಿ ಬಿಡಿ’ ಎನ್ನುವವರ ವಿಳಾಸ ಕೊಡುವುದಂತೂ ಅಲ್ಲವೇ ಅಲ್ಲ. ಆದರೆ ಕೆಲವನ್ನು ತಿಳಿದಿರಲೇಬೇಕು. ಬೆವರು, ನಡುಕ, ತಡವರಿಕೆ ಕಂಡರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಸುಮಾರು 15 ಗ್ರಾಂ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಜ್ವರ ಬಂದು ಊಟ ಸೇರದ ದಿನವೂ ತಾನಾಗಿ ಇನ್ಸುಲಿನ್ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಕೊನೆಯದಾಗಿ, ಇದೇ ರೋಗದೊಡನೆ ಬಾಳಿ ಬದುಕಿದ ಹಿರಿಯರೊಬ್ಬರು ನಿಮ್ಮ ಊರಿನಲ್ಲಿದ್ದರೆ, ಇಬ್ಬರ ಒಪ್ಪಿಗೆಯನ್ನೂ ಪಡೆದು ಪರಿಚಯ ಮಾಡಿಸಿರಿ. ಇಪ್ಪತ್ತು ವರ್ಷ ಸೂಜಿ ಹಿಡಿದ ಕೈ ಹೊಲ ಉಳುತ್ತಿರುವುದನ್ನೋ ಮಗುವನ್ನು ಎತ್ತಿಕೊಂಡಿರುವುದನ್ನೋ ಕಣ್ಣಾರೆ ಕಂಡ ತರುಣನಿಗೆ ನಮ್ಮ ಉಪದೇಶ ಬೇಕಾಗದು. ತರುಣಿಯರಿಗೆ ಅಧ್ಯಾಪಿಕೆಯರೇ ಜೊತೆಯಾಗುವುದು ಒಳಿತು.

ಕಳೆದ ಐದು ವರ್ಷಗಳಲ್ಲಿ ನಿಮ್ಮ ಶಾಲೆಯಿಂದ ಹೊರಟ ಇಂಥ ಒಬ್ಬನನ್ನಾದರೂ ಈ ವಾರ ನೆನೆದು ವಿಚಾರಿಸಿರಿ. ‘ಹೇಗಿದ್ದೀಯಪ್ಪಾ?’ ಎಂಬ ಕನ್ನಡದ ಒಂದು ಮಾತಿಗೆ ಅವನು ಎಷ್ಟು ದಿನಗಳಿಂದ ಕಾದಿದ್ದಾನೋ ಯಾರು ಬಲ್ಲರು!