ಕತ್ತಲೆಯ ತಿಂಗಳುಗಳು ಮತ್ತು ಒಂದು ತಾಯತ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಪೂಜ್ಯರು ನನಗೆ ಕೊಟ್ಟ ವಿಷಯ ‘ಪರದೇಶದಲ್ಲಿ ಬಸವತತ್ತ್ವ’. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಬಗ್ಗೆ ಹೆಮ್ಮೆಯಿಂದ ಮಾತಾಡಿ ಕೂತುಬಿಡಬಹುದಿತ್ತು. ಆದರೆ ಅದೇ ದೇಶದಲ್ಲಿ, ಬಸವತತ್ತ್ವದ ಮನೆಯಲ್ಲಿ ಹುಟ್ಟಿದ ನಾನು ತೋಳಿಗೆ ತಾಯತ ಕಟ್ಟಿಕೊಂಡಿದ್ದೆ. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕೆಂದು ಬಂದಿದ್ದೇನೆ.

ಮದುವೆಯಾಗಿ ನಾನು ಹೋದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ. ನಮ್ಮ ಧಾರವಾಡದಲ್ಲಿ ಡಿಸೆಂಬರಿನ ಅತಿ ಸಣ್ಣ ಹಗಲೂ 11 ತಾಸು ಇರುತ್ತದೆ. ಅಲ್ಲಿ ಬರೀ 7 ತಾಸು. ಮುಂಜಾನೆ ಎಂಟೂಮುಕ್ಕಾಲಿಗೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರೂಮುಕ್ಕಾಲಿಗೆ ಮುಳುಗುತ್ತಾನೆ. ಮೋಡದಿಂದಾಗಿ ಎಷ್ಟೋ ದಿನ ಹುಟ್ಟಿದ್ದೇ ತಿಳಿಯುವುದಿಲ್ಲ. ಕತ್ತಲಲ್ಲೇ ಆಫೀಸಿಗೆ ಹೋಗಿ ಕತ್ತಲಲ್ಲೇ ಮನೆಗೆ ಬರುತ್ತಿದ್ದೆ.

ಮೊದಲ ಚಳಿಗಾಲದಲ್ಲೇ ನಾನು ಕುಗ್ಗಿದೆ. ಹತ್ತು ತಾಸು ಮಲಗಿದರೂ ನಿದ್ದೆ ಸಾಲದು. ಅನ್ನ, ಸಿಹಿ ಎಷ್ಟು ತಿಂದರೂ ಇನ್ನೂ ಬೇಕು. ಕೈಕಾಲು ಸೀಸದಷ್ಟು ಭಾರ. ಯಾರ ಮುಖವೂ ಬೇಡ. ಒಂದು ದಿನ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆಯುವ ಮನಸ್ಸೂ ಆಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಊರಿನಿಂದ ಅವ್ವ ಫೋನಿನಲ್ಲಿ, “ಯಾಕವ್ವಾ, ದನಿ ಸಣ್ಣಗಾಗೇತಿ? ಲಿಂಗಪೂಜಿ ಆತೇನು?” ಎಂದು ಕೇಳಿದಾಗ “ಆತವ್ವಾ” ಎಂದು ಸುಳ್ಳು ಹೇಳುತ್ತಿದ್ದೆ. ಬ್ಯಾನಿಗಿಂತ ಆ ಸುಳ್ಳೇ ನನ್ನನ್ನು ಹೆಚ್ಚು ಸುಟ್ಟಿತು. ನನ್ನ ಭಕ್ತಿಯೇ ಸತ್ತಿದೆ ಅಂದುಕೊಂಡೆ.

ಫೆಬ್ರವರಿಯಲ್ಲಿ ಸಂಬಂಧಿಕರೊಬ್ಬರು ಶನಿಕಾಟವೆಂದು ಹೇಳಿ ತಾಯತ ಕಳಿಸಿದರು. ಕಟ್ಟಿಕೊಂಡೆ. ಏಪ್ರಿಲ್ ಹೊತ್ತಿಗೆ ಮೈ ಹಗುರಾಯಿತು, ನಗು ಬಂತು. ತಾಯತವನ್ನು ಕಣ್ಣಿಗೊತ್ತಿಕೊಂಡೆ!

ಮುಂದಿನ ನವೆಂಬರಿನಲ್ಲಿ ಎಲ್ಲವೂ ಮರಳಿ ಬಂತು. ತಾಯತ ತೋಳಲ್ಲೇ ಇತ್ತು.

ಆಗ ಡಾಕ್ಟರ ಬಳಿ ಹೋದೆ. ಅವರು ಮೊದಲು ಕೇಳಿದ್ದು, “ಹೋದ ವರ್ಷವೂ ಹೀಗಾಗಿತ್ತೇ? ಯಾವ ತಿಂಗಳು ಶುರುವಾಗಿ ಯಾವ ತಿಂಗಳು ಹೋಯಿತು?” ಆ ಒಂದು ಪ್ರಶ್ನೆಯಿಂದ ನನಗೆ ಅರ್ಥವಾಯಿತು. ಶನಿಯೂ ಅಲ್ಲ, ಭಕ್ತಿಯ ಕೊರತೆಯೂ ಅಲ್ಲ; ಇದು ಋತುಮಾನದ ಖಿನ್ನತೆ. ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು 1984ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಕಣ್ಣಿಗೆ ಬೀಳುವ ಮುಂಜಾನೆಯ ಬೆಳಕು ಮೆದುಳಿನ ಗಡಿಯಾರವನ್ನು ದಿನವೂ ಸರಿಪಡಿಸುತ್ತದೆ. ಬೆಳಕು ಸಾಲದಾದಾಗ ಕೆಲವರಲ್ಲಿ ಆ ಗಡಿಯಾರ ಹಿಂದೆ ಬೀಳುತ್ತದೆ. ನಿದ್ದೆ, ಹಸಿವು, ಮನಸ್ಸು ಮೂರೂ ತಾಳ ತಪ್ಪುತ್ತವೆ.

ಬಂಧುಗಳೇ, ಇಲ್ಲಿ ಒಂದು ಪಾಠವಿದೆ. ಬೇಸಿಗೆ ಬಂದರೆ ತಾನಾಗಿ ಇಳಿಯುವ ಕಾಯಿಲೆಗೆ ಚಳಿಗಾಲದ ಕೊನೆಯಲ್ಲಿ ಏನು ಕಟ್ಟಿಕೊಂಡರೂ ಗುಣ ಕಂಡಂತೆಯೇ ಕಾಣುತ್ತದೆ. ಸೂರ್ಯ ಮಾಡಿದ ಕೆಲಸಕ್ಕೆ ತಾಯತ ಕೂಲಿ ಪಡೆಯುತ್ತದೆ. ಮೌಢ್ಯ ಬದುಕುವುದು ಹೀಗೆ.

ಮೂರನೆಯ ವರ್ಷ ಅಕ್ಟೋಬರಿನಲ್ಲೇ ಸಿದ್ಧಳಾದೆ. ಡಾಕ್ಟರ ಸಲಹೆಯಂತೆ 10,000 ಲಕ್ಸ್ ಬೆಳಕಿನ ಪೆಟ್ಟಿಗೆ ತಂದೆ. ನಮ್ಮ ಮನೆಯ ದೀಪಗಳ ಬೆಳಕು ಕೆಲವೇ ನೂರು ಲಕ್ಸ್. ಎದ್ದ ಕೂಡಲೇ ಅರ್ಧ ತಾಸು ಅದರ ಮುಂದೆ ಕೂರಬೇಕು. ದೀಪವನ್ನೇ ದಿಟ್ಟಿಸಬಾರದು, ಕಣ್ಣು ಮಾತ್ರ ತೆರೆದಿರಬೇಕು. ಕಣ್ಣು ತೆರೆದು, ಅಲುಗದೆ ಅರ್ಧ ತಾಸು! ನಮಗೆ ಇದು ಹೊಸದೇ? ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟು ಕೂತೆ. ನಿಂತುಹೋದ ಪೂಜೆ ಹಾಗೆ ಮತ್ತೆ ಶುರುವಾಯಿತು. ಲಿಂಗಪೂಜೆ ಖಿನ್ನತೆಗೆ ಮದ್ದು ಎಂದು ನಾನು ಹೇಳುತ್ತಿಲ್ಲ. ಹಾಗಂದರೆ ಲಿಂಗವನ್ನು ಇನ್ನೊಂದು ತಾಯತ ಮಾಡಿದಂತಾಗುತ್ತದೆ. ಬೆಳಕು ತನ್ನ ಕೆಲಸ ಮಾಡಿತು. ನನ್ನನ್ನು ದಿನವೂ ಎಬ್ಬಿಸಿ ಅದರ ಮುಂದೆ ಕೂರಿಸಿದ್ದು ಪೂಜೆ.

ಉಳಿದದ್ದು ಸರಳ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಳೆಯಿದ್ದರೂ ಹೊರಗೆ ನಡೆಯುತ್ತಿದ್ದೆ, ಏಕೆಂದರೆ ಮೋಡದ ಹಗಲೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಬೆಳಕು ಕೊಡುತ್ತದೆ. ದಿನವೂ ಒಂದೇ ಹೊತ್ತಿಗೆ ಏಳುತ್ತಿದ್ದೆ. ಎಲುಬಿನ ಸಲುವಾಗಿ ಅಲ್ಲಿನ ಸರ್ಕಾರವೇ ಸೂಚಿಸುವ 10 ಮೈಕ್ರೊಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುತ್ತಿದ್ದೆ. ಭಾನುವಾರ ಗುರುದ್ವಾರದ ಲಂಗರಿನಲ್ಲಿ ರೊಟ್ಟಿ ಬೇಯಿಸಲು ಹೋಗುತ್ತಿದ್ದೆ. ಯಾರ ಮುಖವೂ ಬೇಡ ಎನ್ನುವ ಮನಸ್ಸಿಗೆ ಹಸಿದವರ ಸಾಲಿಗೆ ಬಡಿಸುವ ಕೆಲಸ ಕೊಟ್ಟು ನೋಡಿ. ಕಾಯಕ, ದಾಸೋಹಗಳ ಅರ್ಥ ನನಗೆ ಅಲ್ಲಿ ಹೊಸದಾಗಿ ತಿಳಿಯಿತು. ನಾಲ್ಕು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಸೇರಿ ವಚನ ಓದಲು ಶುರುಮಾಡಿದೆವು. ಅಲ್ಲಿ ನನ್ನ ಕಥೆ ಹೇಳಿದಾಗ ಇನ್ನಿಬ್ಬರು “ನಮಗೂ ಹಾಗೇ ಆಗುತ್ತದೆ” ಎಂದರು. ಮೂರು ವರ್ಷ ಮೂವರೂ ಬೇರೆ ಬೇರೆ ಮನೆಗಳಲ್ಲಿ ಬಾಯಿಮುಚ್ಚಿ ಅತ್ತಿದ್ದೆವು.

ಆ ವರ್ಷ ನಾನು ಚೇತರಿಸಿಕೊಂಡದ್ದು ಏಪ್ರಿಲಿನಲ್ಲಲ್ಲ, ಹಗಲು ಅತಿ ಸಣ್ಣದಾಗಿರುವ ಡಿಸೆಂಬರಿನಲ್ಲೇ. ತಾಯತ ಬಿಚ್ಚಿಹಾಕಿದೆ. ಅವ್ವನಿಗೆ ಫೋನ್ ಮಾಡಿ ಸುಳ್ಳು ಹೇಳಿದ್ದೆಲ್ಲ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೂಜಿ ಬಿಟ್ಟಿದ್ದಕ್ಕ ಅಲ್ಲವ್ವಾ, ನನಗ ಹೇಳದ ಇದ್ದದ್ದಕ್ಕ ಹೊಟ್ಟಿ ಉರೀತೈತಿ” ಎಂದಳು.

ಎಲ್ಲರಿಗೂ ಇಷ್ಟೇ ಸಾಕಾಗುವುದಿಲ್ಲ. ಕೆಲವರಿಗೆ ಮಾತ್ರೆ ಬೇಕು, ಕೆಲವರಿಗೆ ಆಪ್ತಸಮಾಲೋಚನೆ ಬೇಕು, ಎರಡರಲ್ಲೂ ನಾಚಿಕೆಯಿಲ್ಲ. ಕಣ್ಣಿನ ತೊಂದರೆಯಿದ್ದವರು, ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆಯಿದ್ದವರು ಡಾಕ್ಟರನ್ನು ಕೇಳದೆ ಬೆಳಕಿನ ಪೆಟ್ಟಿಗೆ ಬಳಸಬಾರದು. ಬದುಕೇ ಬೇಡ ಎನಿಸಿದರೆ ಋತು ಬದಲಾಗಲಿ ಎಂದು ಕಾಯಬಾರದು, ಅಂದೇ ಸಹಾಯ ಕೇಳಬೇಕು. ನಮ್ಮ ದೇಶದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಈ ಸಭೆಯಲ್ಲಿ ಎಷ್ಟೋ ತಂದೆತಾಯಿಗಳ ಮಕ್ಕಳು ಲಂಡನ್, ಟೊರಾಂಟೊ, ಸ್ಟಾಕ್‌ಹೋಮ್‌ಗಳಲ್ಲಿ ಇದ್ದಾರೆ. ನವೆಂಬರಿನಲ್ಲಿ ಮಗಳ ದನಿ ಸಣ್ಣಗಾದರೆ ಪೂಜೆ ಆಯಿತೇ ಎಂದು ಕೇಳುವ ಮೊದಲು, “ಇವತ್ತು ಬೆಳಕಿಗೆ ಹೋಗಿದ್ದಿಯಾ? ಹೋದ ವರ್ಷವೂ ಹೀಗೇ ಆಗಿತ್ತಾ?” ಎಂದು ಕೇಳಿ. ತಾಯತವನ್ನು ಮಾತ್ರ ಕಳಿಸಬೇಡಿ. ಆಕೆ ನಿಜ ಹೇಳಲು ಒಂದು ದಾರಿ ಬಿಡಿ.